ಊರಿಗೆ ಬಂದ ಕೂಸಿಗೆ ಬೇಕಾದುದು ಸುತ್ತಾಟವಲ್ಲ, ವಾಸ



ಯುಗಾದಿ ಕಳೆದು ಶಾಲೆಗಳಿಗೆ ರಜೆ ಬಂತೆಂದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಗಳು ತುಂಬಿಕೊಳ್ಳುತ್ತವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೌಕರಿಯಲ್ಲಿರುವ ಮಗ-ಸೊಸೆ, ಮಗಳು-ಅಳಿಯ ಒಂದು ಕೈಗೂಸನ್ನೂ ಆಗ ತಾನೇ ಹೆಜ್ಜೆ ಕಲಿತ ಇನ್ನೊಂದು ಮಗುವನ್ನೂ ಎತ್ತಿಕೊಂಡು ಹುಟ್ಟೂರಿಗೆ ಬರುತ್ತಾರೆ. ಅಜ್ಜ-ಅಜ್ಜಿಯರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇರೊಂದಿಲ್ಲ. ಆದರೆ ಅದೇ ವಾರಗಳಲ್ಲಿ ವೈದ್ಯರ ಬಾಗಿಲಲ್ಲಿ ಇನ್ನೊಂದು ಸಾಲೂ ಬೆಳೆಯುತ್ತದೆ. ವಾಂತಿ-ಭೇದಿ, ಜ್ವರ, ಮೈತುಂಬ ಬೆವರುಸಾಲೆ, ಹಾಲು ಕುಡಿಯಲೊಲ್ಲದೆ ಹಟ ಮಾಡುವ ಕೂಸುಗಳು, ನಿದ್ದೆಗೆಟ್ಟ ತಾಯಂದಿರು. ‘ಊರ ನೀರು ಮಗುವಿಗೆ ಆಗಿಬರಲಿಲ್ಲ’ ಎಂದು ಪಟ್ಟಣದವರು ಹೇಳಿದರೆ, ‘ಪಟ್ಟಣದ ಮಕ್ಕಳು ನಾಜೂಕು’ ಎಂದು ಊರಿನವರು ಹೇಳುತ್ತಾರೆ. ಈ ಎರಡು ಮಾತುಗಳೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ದೋಷ ಊರಿನದಲ್ಲ, ಮಗುವಿನದೂ ಅಲ್ಲ. ರಜೆಯನ್ನು ನಾವು ಹೊಂದಿಸಿಕೊಳ್ಳುವ ರೀತಿಯದು.

ಸಾಮಾನ್ಯವಾಗಿ ಈ ರಜೆ ನಡೆಯುವ ಕ್ರಮವನ್ನು ಗಮನಿಸಿ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿಯ ಮೇಲೆ ರಾತ್ರಿ ಹೊತ್ತು ಮೀರಿ ಊರು ಸೇರುವುದು. ಮರುದಿನ ಬೆಳಗಿನ ಜಾವವೇ ಎದ್ದು ಮಾದಪ್ಪನ ಬೆಟ್ಟ. ಕೊಳ್ಳೇಗಾಲದಿಂದ ಅಲ್ಲಿಗೆ ಸುಮಾರು 80 ಕಿಲೋಮೀಟರ್; ತಾಳಬೆಟ್ಟ ದಾಟಿದ ಮೇಲೆ ಸುತ್ತು ತಿರುವುಗಳ ಘಾಟಿ. ಮೂರನೆಯ ದಿನ ಬಿಳಿಗಿರಿರಂಗನ ಬೆಟ್ಟ, ಅಲ್ಲಿಂದ ಬರುವಾಗ ಭರಚುಕ್ಕಿ. ನಾಲ್ಕನೆಯ ದಿನ ಬೀಗರ ಮನೆ, ಸೋದರಮಾವನ ಮನೆ, ಒಂದು ನಾಮಕರಣ, ಒಂದು ಬೀಗರ ಔತಣ. ಐದನೆಯ ದಿನ ಹಿಂದಿರುಗುವುದು. ಈ ಐದು ದಿನಗಳಲ್ಲಿ ಮಗು ಹೆಚ್ಚಿನ ಹೊತ್ತು ಇದ್ದುದು ಕಾರಿನಲ್ಲಿ. ಅಜ್ಜಿಯ ಮಡಿಲಲ್ಲಿ ನೆಮ್ಮದಿಯಿಂದ ಮಲಗಿದ ಹೊತ್ತು ಬೆರಳೆಣಿಕೆಯ ಗಂಟೆಗಳು. ದೊಡ್ಡವರಿಗೆ ಇದು ಕ್ಷೇತ್ರದರ್ಶನ ಮತ್ತು ಬಂಧುದರ್ಶನ. ಮಗುವಿಗೆ ಮಾತ್ರ ಇದು ಐದು ಬಗೆಯ ನೀರು, ಐದು ಬಗೆಯ ಹಾಸಿಗೆ, ನೂರಾರು ಅಪರಿಚಿತ ಕೈಗಳು.

ಮಗುವಿನ ಶರೀರ ಇದನ್ನು ಏಕೆ ತಾಳಲಾರದು ಎಂಬುದಕ್ಕೆ ಆಯುರ್ವೇದದಲ್ಲಿ ಸ್ಪಷ್ಟವಾದ ವಿವರಣೆಯಿದೆ. ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಶಿಶುಗಳ ಪಾಲನೆಗೇ ಮೀಸಲಾದ ಕಾಶ್ಯಪ ಸಂಹಿತೆ ನಮ್ಮಲ್ಲಿದೆ. ಸುಶ್ರುತಾಚಾರ್ಯರು ಬಾಲ್ಯವನ್ನು ಆಹಾರದ ಆಧಾರದಿಂದ ವಿಂಗಡಿಸುತ್ತಾರೆ. ಮೊದಲ 1 ವರ್ಷದವರೆಗೆ ಮಗು ಕ್ಷೀರಪ, ಎಂದರೆ ಹಾಲನ್ನೇ ಆಶ್ರಯಿಸಿದ್ದು. 2 ವರ್ಷದವರೆಗೆ ಕ್ಷೀರಾನ್ನಾದ, ಎಂದರೆ ಹಾಲು ಮತ್ತು ಅನ್ನ ಎರಡನ್ನೂ ಉಣ್ಣುವುದು. ಅನಂತರ ಅನ್ನಾದ. ಈ ವಿಂಗಡಣೆಯ ಹಿಂದಿರುವ ತಿಳಿವಳಿಕೆ ಸರಳ: ಜಠರಾಗ್ನಿ ಮೆಲ್ಲಮೆಲ್ಲನೆ ಬಲಗೊಳ್ಳುತ್ತದೆ, ಆ ಬಲಕ್ಕೆ ಮೀರಿದ್ದನ್ನು ಹೊರಿಸಬಾರದು. ಇದಕ್ಕೆ ‘ಸಾತ್ಮ್ಯ’ ಎಂಬ ಇನ್ನೊಂದು ತತ್ತ್ವ ಸೇರುತ್ತದೆ. ದೇಹಕ್ಕೆ ಅಭ್ಯಾಸದಿಂದ ಒಗ್ಗಿದ್ದು ಸಾತ್ಮ್ಯ. ಹೊಸ ದೇಶ, ಹೊಸ ನೀರು, ಹೊಸ ಆಹಾರ ಒಗ್ಗಬೇಕಾದರೆ ಕಾಲ ಬೇಕು, ಒಂದೊಂದಾಗಿ ಬರಬೇಕು. ಹನೂರಿನ ಕಡೆಯ ಒಣ ಬಯಲೇ ಬೇರೆ, ಸುಮಾರು 5000 ಅಡಿ ಎತ್ತರದ ಬಿಳಿಗಿರಿಯ ತಂಪು ಕಾಡೇ ಬೇರೆ. ಬೆಳಗ್ಗೆ ಒಂದರಲ್ಲಿ, ಸಂಜೆ ಮತ್ತೊಂದರಲ್ಲಿ ಕೂಸನ್ನು ತಿರುಗಿಸಿದರೆ ಸಾತ್ಮ್ಯಕ್ಕೆ ಅವಕಾಶವೆಲ್ಲಿ? ಅದರ ಮೇಲೆ ಗ್ರೀಷ್ಮ ಋತುವಿನಲ್ಲಿ ದೊಡ್ಡವರ ಬಲವೇ ಕುಗ್ಗಿರುತ್ತದೆ, ಹಸುಗೂಸಿನ ಮಾತೇನು?

ಆದ್ದರಿಂದ ನನ್ನ ಮೊದಲ ಸಲಹೆ: 2 ವರ್ಷ ತುಂಬದ ಮಗುವಿರುವ ಕುಟುಂಬ ಊರಿಗೆ ಬಂದರೆ ಒಂದೇ ಮನೆಯಲ್ಲಿ ಕನಿಷ್ಠ ಒಂದು ವಾರ ನಿಲ್ಲಲಿ. ನೋಡಬೇಕಾದ ಬಂಧುಗಳು ಅಲ್ಲಿಗೇ ಬರಲಿ. ಬೆಟ್ಟಕ್ಕೆ ಹೋಗಲೇಬೇಕಾದರೆ ಒಂದೇ ಬೆಟ್ಟ, ಅದೂ ಬಂದು ನಾಲ್ಕೈದು ದಿನ ಕಳೆದು ಮಗು ಒಗ್ಗಿದ ಮೇಲೆ. ಊರಿನಲ್ಲಿ ಮಗುವಿಗೆ ದೊರೆಯುವ ಲಾಭಗಳೆಲ್ಲವೂ ನಿಂತಾಗ ದೊರೆಯುವಂಥವು. ಕೋಳಿ-ಕುರಿಗಳ ನಡುವೆ ಕಣ್ಣರಳಿಸಿ ಕೂರುವುದು, ಜಗುಲಿಯ ನೆರಳಲ್ಲಿ ಅಂಬೆಗಾಲಿಡುವುದು, ಕತ್ತಲಾಗುತ್ತಲೇ ಜೋಗುಳಕ್ಕೆ ಕಣ್ಮುಚ್ಚುವುದು, ಇಂಗ್ಲಿಷ್ ಬೆರೆಯದ ನಮ್ಮ ಸೀಮೆಯ ಕನ್ನಡವನ್ನು ದಿನವಿಡೀ ಕಿವಿಯಲ್ಲಿ ತುಂಬಿಕೊಳ್ಳುವುದು: ಇವು ಯಾವ ಪಟ್ಟಣದ ಶಿಶುವಿಹಾರದಲ್ಲಿಯೂ ಹಣಕ್ಕೆ ಸಿಗುವಂಥವಲ್ಲ.

ಎರಡನೆಯ ಮಾತು ಸ್ವಲ್ಪ ಸೂಕ್ಷ್ಮವಾದುದು, ಆದರೂ ಹೇಳಲೇಬೇಕು. ಮನೆಯಲ್ಲಿ ಮಗುವಿನ ವಿಷಯಕ್ಕೆ ಕೊನೆಯ ಮಾತು ಯಾರದು? ‘ನಾವು ಆರು ಮಕ್ಕಳನ್ನು ಸಾಕಿದವರು, ನಮಗೆ ಹೇಳಿಕೊಡುತ್ತೀಯಾ?’ ಎಂಬ ಒಂದು ಮಾತಿಗೆ ಸೊಸೆ ಬಾಯಿ ಮುಚ್ಚಿಕೊಳ್ಳುವುದನ್ನು ವೃತ್ತಿಯುದ್ದಕ್ಕೂ ಕಂಡಿದ್ದೇನೆ. ಹಿರಿಯರ ಅನುಭವ ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ಆರು ಮಕ್ಕಳು ಅದೇ ಊರಿನಲ್ಲಿ ಹುಟ್ಟಿ, ಅದೇ ನೀರು ಕುಡಿದು ಬೆಳೆದವರು. ಈ ಮಗು ಬೇರೆಡೆ ಹುಟ್ಟಿದ್ದು. ಅದು ಎಷ್ಟು ಹೊತ್ತಿಗೆ ಹಸಿಯುತ್ತದೆ, ಯಾವ ಅಳು ನಿದ್ದೆಯದು, ಯಾವ ಅಳು ನೋವಿನದು ಎಂಬುದು ತಾಯಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. ಅಂದಿನ ಆ ಮನೆಗಳಲ್ಲಿಯೇ ಉಳಿಯದೆ ಹೋದ ಕೂಸುಗಳೂ ಇದ್ದವು. ಅವುಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅತ್ತೆ-ಮಾವಂದಿರಲ್ಲಿ ನನ್ನ ವಿನಂತಿ: ಎಣ್ಣೆ-ನೀರು, ಲಾಲಿ, ರಾಗಿ ಸರಿ ಇವು ನಿಮ್ಮ ಅಧಿಕಾರ. ಆದರೆ ‘ಇದನ್ನು ಮಗುವಿಗೆ ಕೊಡುವುದು ಬೇಡ’ ಎಂದು ತಾಯಿ ಹೇಳಿದರೆ ಅದೇ ಕೊನೆಯ ಮಾತಾಗಲಿ.

ಬೇಡವೆನ್ನಬೇಕಾದ ಸಂದರ್ಭಗಳಾದರೂ ಯಾವುವು? ಮೊದಲನೆಯದು ಜೇನುತುಪ್ಪ. ಬಿಳಿಗಿರಿಯ ಬೆಟ್ಟಕ್ಕೆ ಹೋದವರು ಸೋಲಿಗರು ಸಂಗ್ರಹಿಸಿದ ಜೇನನ್ನು ತರದೆ ಬರುವುದಿಲ್ಲ. ಅದು ಉತ್ತಮವಾದ ವಸ್ತು, ದೊಡ್ಡವರು ಧಾರಾಳವಾಗಿ ಬಳಸಬಹುದು. ಆದರೆ ಬಜೆಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸುವುದು, ಚೀಪುವ ಬೆರಳಿಗೆ ಜೇನು ಹಚ್ಚುವುದು 1 ವರ್ಷ ತುಂಬುವವರೆಗೆ ಖಂಡಿತ ಕೂಡದು. ಎಷ್ಟೇ ಶುದ್ಧವಾದ ಜೇನಿನಲ್ಲಿಯೂ ಬೊಟುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣುವಿನ ಬೀಜಾಣುಗಳು ಇರಬಹುದು. ದೊಡ್ಡವರ ಕರುಳು ಅವನ್ನು ಬೆಳೆಯಗೊಡುವುದಿಲ್ಲ. ಹಸುಗೂಸಿನ ಕರುಳಿಗೆ ಆ ಶಕ್ತಿ ಬಂದಿರುವುದಿಲ್ಲ. ಅಲ್ಲಿ ಅವು ಮೊಳೆತು ವಿಷ ಉಂಟುಮಾಡಿದರೆ ಮಲ ಕಟ್ಟುತ್ತದೆ, ಅಳು ಕ್ಷೀಣಿಸುತ್ತದೆ, ಕತ್ತು ನಿಲ್ಲದಾಗುತ್ತದೆ, ಕೊನೆಗೆ ಉಸಿರಾಟವೇ ಕುಂದುತ್ತದೆ. ಶಿಶುಗಳಲ್ಲಿ ಈ ರೋಗವನ್ನು ವೈದ್ಯಲೋಕ ಗುರುತಿಸಿದ್ದೇ 1976ರಲ್ಲಿ. ನಮ್ಮ ಪ್ರಾಚೀನ ಗ್ರಂಥಗಳು ಶಿಶುವಿಗೆ ಜೇನು-ತುಪ್ಪದ ಲೇಹನವನ್ನು ಹೇಳಿರುವುದು ನಿಜ. ಆ ಗ್ರಂಥಗಳನ್ನೇ ಓದಿ ವೈದ್ಯವೃತ್ತಿಗೆ ಬಂದ ನಾನು ಈ ಮಾತನ್ನು ಹೇಳುತ್ತಿದ್ದೇನೆ: ಅನಂತರ ತಿಳಿದುಬಂದ ಸತ್ಯವನ್ನು ಒಪ್ಪುವುದರಿಂದ ಶಾಸ್ತ್ರಕ್ಕೆ ಕುಂದಿಲ್ಲ. ಅಪಾಯ ತಪ್ಪಿಸುವುದೇ ಶಾಸ್ತ್ರದ ಉದ್ದೇಶ.

ಎರಡನೆಯದು ನೀರು. 6 ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಏಪ್ರಿಲ್ ತಿಂಗಳ ಸುಡುಬಿಸಿಲಿನಲ್ಲಿಯೂ ನೀರು ಬೇಡ. ತಾಯಿಯ ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಬಾಯಾರಿಕೆಯಾದರೆ ಮಗು ಪದೇ ಪದೇ ಮೊಲೆಗೆ ಬರುತ್ತದೆ. ನೀರು ಹೆಚ್ಚು ಕುಡಿಯಬೇಕಾದವಳು ತಾಯಿ. ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಕ್ಷೇತ್ರಗಳಲ್ಲಿ ತೀರ್ಥ ಕೊಡುವಾಗ ಕೂಸಿನ ಬಾಯಿಗೆ ಬಿಡುವ ಬದಲು ನೆತ್ತಿಗೆ ಪ್ರೋಕ್ಷಿಸಿದರೆ ಭಕ್ತಿಗೆ ಯಾವ ಕೊರತೆಯೂ ಆಗದು. 6 ತಿಂಗಳು ದಾಟಿದ ಮಗುವಿಗೆ ಚೆನ್ನಾಗಿ ಕುದಿಸಿ ಆರಿಸಿದ ನೀರು. ಕೊಳವೆ ಬಾವಿಯ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವೆಂದಲ್ಲ.

ಮೂರನೆಯದು ಹಸಿ ಹಾಲು. ಕೊಟ್ಟಿಗೆಯಲ್ಲಿ ಆಗಷ್ಟೇ ಕರೆದ ನೊರೆಹಾಲನ್ನು ಬೆಚ್ಚಗಿರುವಾಗಲೇ ಕುಡಿಸುವ ಪ್ರೀತಿ ಇನ್ನೂ ಇದೆ. ಕಾಯಿಸದ ಹಾಲಿನಿಂದ ಕ್ಷಯ, ಬ್ರೂಸೆಲ್ಲಾ ಮುಂತಾದ ರೋಗಗಳು ಹರಡಬಲ್ಲವು. ನಾಟಿ ಹಸುವಿನದೇ ಆಗಲಿ, ಹಾಲು ಉಕ್ಕಿ ಕುದಿಯಲೇಬೇಕು. 1 ವರ್ಷದೊಳಗೆ ತಾಯಿಯ ಹಾಲಿನ ಬದಲಿಗೆ ಹಸುವಿನ ಹಾಲನ್ನು ಕೊಡುವುದೂ ಬೇಡ.

ಬೇಡ ಎಂಬ ಪಟ್ಟಿ ಇಷ್ಟಾದರೆ, ಬೇಕು ಎಂಬ ಪಟ್ಟಿಯನ್ನು ಪಟ್ಟಣದ ತಂದೆ-ತಾಯಿಗಳು ಕೇಳಿಸಿಕೊಳ್ಳಬೇಕು. ಡಬ್ಬಿಯ ಪುಡಿ, ಪೊಟ್ಟಣದ ಬಿಸ್ಕತ್ತನ್ನು ಚೀಲ ತುಂಬ ಹೊತ್ತು ತರುವವರಿಗೆ ಅಜ್ಜಿಯ ಅಡುಗೆಮನೆಯಲ್ಲಿರುವುದರ ಬೆಲೆ ತಿಳಿದಿಲ್ಲ. ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ರಾಗಿ ಹಿಟ್ಟಿನ ಸರಿಗಿಂತ ಉತ್ತಮವಾದ ಮೊದಲ ಆಹಾರ ಈ ಸೀಮೆಯಲ್ಲಿ ಬೇರೊಂದಿಲ್ಲ. ಮೊಳಕೆಯಿಂದ ರಾಗಿ ಹಗುರವಾಗುತ್ತದೆ. ಅದರ ಸುಣ್ಣದಂಶ ಮೂಳೆಗೆ ಬಲ. ಅಷ್ಟಾಂಗಹೃದಯವು ಆರನೆಯ ತಿಂಗಳಲ್ಲಿ ಅನ್ನಪ್ರಾಶನ ಹೇಳುತ್ತದೆ. ಇಂದಿನ ಶಿಶುವೈದ್ಯರೂ 6 ತಿಂಗಳು ತುಂಬಿದ ಮೇಲೆಯೇ ಎನ್ನುತ್ತಾರೆ. ಆದರೆ ಪ್ರಯಾಣದ ದಿನಗಳಲ್ಲಿ ಹೊಸ ಆಹಾರ ಆರಂಭಿಸಬೇಡಿ; ಊರಿಗೆ ಬಂದು ಮಗು ನೆಲೆನಿಂತ ಮೇಲೆ ಒಂದು ಸಲಕ್ಕೆ ಒಂದನ್ನು ಮಾತ್ರ ಪರಿಚಯಿಸಿ. ನಡೆಯುವ ಮಗುವಿಗೆ ಮೆತ್ತಗಿನ ಬೇಳೆಯನ್ನ, ತಾಜಾ ತುಪ್ಪ, ಮೊಸರನ್ನ, ಪುಟ್ಟಬಾಳೆ. ದಾಸೋಹದಲ್ಲಿ ಖಾರವಾದ ಸಾರನ್ನು ಬಿಟ್ಟು ಅನ್ನಕ್ಕೆ ಮಜ್ಜಿಗೆ ಕಲಸಿ ಉಣಿಸಿ. ಜಾತ್ರೆಯ ಕಡಲೆಕಾಯಿ, ಹುರಿಗಡಲೆ, ಕಲ್ಲುಸಕ್ಕರೆ ಎಳೆಯ ಮಕ್ಕಳ ಕೈಗೆ ಸಿಗದಿರಲಿ; ಶ್ವಾಸನಾಳದಲ್ಲಿ ಸಿಕ್ಕಿದ ಒಂದೇ ಒಂದು ಕಾಳು ಕ್ಷಣಾರ್ಧದಲ್ಲಿ ಜೀವಕ್ಕೆ ಎರವಾಗಬಲ್ಲದು.

ಅಭ್ಯಂಗವೂ ಹಾಗೆಯೇ. ಅಜ್ಜಿಯ ಕೈಯ ಎಣ್ಣೆನೀರನ್ನು ಮಗು ಊರಲ್ಲಲ್ಲದೆ ಬೇರೆಲ್ಲಿ ಕಂಡೀತು? ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ ಹಿತ. ಹಾಲು ಕುಡಿದ ಕೂಡಲೇ ಬೇಡ. ತೀಡುವ ಕೈ ಹಗುರವಾಗಿರಲಿ. ಕಿವಿಗೆ, ಮೂಗಿಗೆ ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕಿಳಿದರೆ ತೊಂದರೆ. ಸ್ನಾನದ ನಂತರ ಬಾಗಿಲು ಮುಚ್ಚಿ ಸಾಂಬ್ರಾಣಿ ಹೊಗೆ ತುಂಬಿಸುವ ರೂಢಿಯನ್ನೂ ಬಿಡೋಣ. ಎಳೆಯ ಉಸಿರಿಗೆ ಅದು ಹೊರೆ.

ಮನೆಯ ಸುತ್ತಲಿನ ಅಪಾಯಗಳನ್ನು ಊರಿನವರು ದಿನವೂ ನೋಡಿ ನೋಡಿ ಮರೆತಿರುತ್ತಾರೆ. ಪಟ್ಟಣದವರಿಗೆ ಅವುಗಳ ಪರಿಚಯವೇ ಇರುವುದಿಲ್ಲ. ಇವೆರಡರ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಮಕ್ಕಳು ಬರುವ ಮುನ್ನ ಅಜ್ಜಂದಿರು ಒಮ್ಮೆ ಮಗುವಿನ ಎತ್ತರಕ್ಕೆ ಬಗ್ಗಿ ಮನೆಯನ್ನು ನೋಡಲಿ. ಮುಚ್ಚಳವಿಲ್ಲದ ತೊಟ್ಟಿ, ಸಂಪು, ಹೊಲದ ಕೃಷಿಹೊಂಡ, ಅಷ್ಟೇಕೆ, ಅರ್ಧ ತುಂಬಿದ ಬಕೆಟ್ ಕೂಡ ಅಂಬೆಗಾಲಿನ ಮಗುವಿಗೆ ಮೃತ್ಯುಕೂಪ. ರೇಷ್ಮೆ ಸಾಕುವ ಮನೆಗಳಲ್ಲಿ ಫಾರ್ಮಾಲಿನ್, ಬ್ಲೀಚಿಂಗ್ ಪುಡಿ ಇರುತ್ತವೆ. ಬೇಸಾಯದ ಮನೆಗಳಲ್ಲಿ ಕೀಟನಾಶಕವನ್ನು ತಂಪುಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ಅಭ್ಯಾಸವಿದೆ. ಇವೆಲ್ಲ ಬೀಗದೊಳಗೆ ಹೋಗಲಿ. ಸೆಕೆಯೆಂದು ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಮಲಗಿದಾಗ ಕಟ್ಟುಹಾವಿನಂತಹ ಹಾವುಗಳು ರಾತ್ರಿ ಕಡಿಯುವುದುಂಟು. ತಾಯಿ-ಮಗು ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗಲಿ. ಹಾವು ಕಡಿದರೆ ಮಂತ್ರವಾದಿಯ ಬಳಿಗಾಗಲಿ ನಾಟಿ ಔಷಧಕ್ಕಾಗಲಿ ನಮ್ಮಂಥ ಆಯುರ್ವೇದ ವೈದ್ಯರ ಬಳಿಗಾಗಲಿ ಬಂದು ಹೊತ್ತು ಕಳೆಯದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ನಾಯಿ ಪರಚಿದರೂ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಚುಚ್ಚುಮದ್ದು ಹಾಕಿಸಬೇಕು.

ಭೇದಿ ಆರಂಭವಾದರೆ ಮಾಡಬೇಕಾದುದನ್ನು ಪ್ರತಿ ಮನೆಯೂ ತಿಳಿದಿರಲಿ. ‘ಹೊಟ್ಟೆ ಖಾಲಿ ಬಿಡಿ’ ಎಂಬ ಹಳೆಯ ಮಾತು ಶಿಶುಗಳಿಗೆ ಅಪಾಯಕಾರಿ. ತಾಯಿಯ ಹಾಲನ್ನು ನಿಲ್ಲಿಸದೆ ಇನ್ನೂ ಹೆಚ್ಚಾಗಿ ಕೊಡಬೇಕು. ಒಂದು ದೊಡ್ಡ ಪೊಟ್ಟಣ ಓ.ಆರ್.ಎಸ್. ಅನ್ನು ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. 24 ಗಂಟೆ ಕಳೆದ ದ್ರಾವಣ ಚೆಲ್ಲಿ. ಜೊತೆಗೆ ಸತುವಿನ ಮಾತ್ರೆ 14 ದಿನ: 2ರಿಂದ 6 ತಿಂಗಳ ಮಗುವಿಗೆ ದಿನಕ್ಕೆ 10 ಮಿಲಿಗ್ರಾಂ, ಅದಕ್ಕೂ ದೊಡ್ಡ ಮಗುವಿಗೆ 20 ಮಿಲಿಗ್ರಾಂ. ಆಶಾ ಕಾರ್ಯಕರ್ತೆಯರ ಬಳಿಯೂ ಆರೋಗ್ಯ ಕೇಂದ್ರಗಳಲ್ಲೂ ಇವೆರಡೂ ಉಚಿತ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದುದೆಲ್ಲ ವಾಂತಿಯಾದರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ. ಆದರೆ ಕಾಡಂಚಿನ ಊರುಗಳಲ್ಲಿ ಎಲ್ಲೆಡೆಯೂ ಮೊಬೈಲ್ ಸಂಕೇತ ಸಿಗುವುದಿಲ್ಲ. ಸಂಕೇತ ಎಲ್ಲಿ ಸಿಗುತ್ತದೆ, ರಾತ್ರಿ ಹೊತ್ತು ಯಾರ ಗಾಡಿ ದೊರೆಯುತ್ತದೆ ಎಂಬುದನ್ನು ಬಂದ ದಿನವೇ ತಿಳಿದಿಟ್ಟುಕೊಳ್ಳಿ. ತಾಯಿ ಕಾರ್ಡನ್ನು ಮರೆಯದೆ ತನ್ನಿ. ರಜೆಯಲ್ಲಿ ಲಸಿಕೆಯ ದಿನ ಬಂದರೆ ಊರಿನ ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಹಾಕಿಸಬಹುದು. ಅದನ್ನು ಮುಂದೂಡುವ ಕಾರಣವಿಲ್ಲ.

ಇನ್ನು ಮುಡಿಯ ವಿಚಾರ. ಮಾದಪ್ಪನಿಗೆ ಮಗುವಿನ ಮೊದಲ ಮುಡಿ ಒಪ್ಪಿಸುವ ಹರಕೆ ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ಬಂದದ್ದು. ಅದನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆದರೆ ಯುಗಾದಿ, ದೀಪಾವಳಿ, ಶಿವರಾತ್ರಿಯ ಜಾತ್ರೆಗಳ ಜನಸಾಗರದಲ್ಲಿಯೇ ಅದಾಗಬೇಕೆಂಬ ಕಟ್ಟಳೆಯೂ ಇಲ್ಲ. ಜಾತ್ರೆಯಿಲ್ಲದ, ಬಿಸಿಲು ಕಡಿಮೆಯಾದ ದಿನಗಳನ್ನು ಆರಿಸಿಕೊಳ್ಳಿ. ಘಾಟಿ ಹತ್ತುವ ಮುನ್ನ ಒಂದು ಗಂಟೆ ಮೊದಲೇ ಹಾಲುಣಿಸಿ. ನಡುವೆ ಅತ್ತರೆ ಗಾಡಿ ನಿಲ್ಲಿಸಿ ಎದೆಗೆ ಹಾಕಿಕೊಳ್ಳಲು ತಾಯಿಗೆ ಬಿಡುವು ಕೊಡಿ. ಕ್ಷೌರಕ್ಕೆ ಹೊಸ ಬ್ಲೇಡನ್ನು ನೀವೇ ಒಯ್ದು, ಕಣ್ಣೆದುರಿಗೇ ಬಿಚ್ಚಿಸಿ. ಅಂತರಗಂಗೆಯಲ್ಲಿ ದೊಡ್ಡವರು ಮೀಯಲಿ. ಮಗುವಿಗೆ ಕೊಠಡಿಯಲ್ಲಿ ಬೆಚ್ಚನೆಯ ನೀರು ಹಾಕಿ, ಅಲ್ಲಿಂದ ತಂದ ನೀರನ್ನು ನೆತ್ತಿಗೆ ಚಿಮುಕಿಸಿದರೆ ಸಾಕು. ಮಗುವಿಗೆ ಜ್ವರವಿದ್ದರೆ ಹರಕೆಯನ್ನು ಮುಂದಿನ ತಿಂಗಳಿಗೆ ಮುಂದೂಡಿ. ಹುಲಿಯನ್ನೇರಿ ಏಳುಮಲೆಯಲ್ಲಿ ಸಂಚರಿಸಿ ಬಡವರ ಮಕ್ಕಳನ್ನು ಕಾಯ್ದನೆಂದು ನಾವು ನಂಬುವ ದೇವರು ಕೂಸಿನ ಜ್ವರ ಇಳಿಯುವವರೆಗೆ ಕಾಯಲಾರನೇ?

ಈ ರಜೆಗೆ ಮೊಮ್ಮಕ್ಕಳ ದಾರಿ ನೋಡುತ್ತಿರುವ ಹಿರಿಯರು ಇಂದೇ ಒಂದು ಫೋನ್ ಮಾಡಿ ಮಗ-ಸೊಸೆಗೆ, ಮಗಳು-ಅಳಿಯನಿಗೆ ಹೀಗೆಂದು ಹೇಳಲಿ: ‘ಎಲ್ಲಿಗೂ ಹೋಗುವ ಅವಸರವಿಲ್ಲ, ಬಂದು ಮನೆಯಲ್ಲಿ ಇರಿ. ಮಗುವಿಗೆ ಏನು ಬೇಕು, ಏನು ಬೇಡ ಎಂದು ನೀನೇ ಹೇಳವ್ವ, ಹಾಗೆಯೇ ಮಾಡೋಣ.’ ಈ ಮಾತು ಕೇಳಿದ ಸೊಸೆ ಮುಂದಿನ ವರ್ಷವೂ ಊರಿಗೆ ಬರುತ್ತಾಳೆ. ಇಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೋದವಳು ಬರಲು ಹಿಂಜರಿಯುತ್ತಾಳೆ. ಅವಳು ಬಾರದಿದ್ದರೆ ಮೊಮ್ಮಕ್ಕಳಿಗೆ ಊರೂ ಇಲ್ಲ, ಊರಿಗೆ ಮೊಮ್ಮಕ್ಕಳೂ ಇಲ್ಲ.